ನೋಡದೆ ಬರೆದ ಸೊನ್ನೆ

ಸೂರ್ಯಕಲೆ ಎಣಿಸುವವರ ವಹಿಯಲ್ಲಿ ಸೊನ್ನೆಯೇ ಬೇರೆ, ಅಡ್ಡಗೀಟೇ ಬೇರೆ. ನೋಡಿದೆ, ಕಲೆ ಒಂದೂ ಇರಲಿಲ್ಲ ಎಂದರೆ ಸೊನ್ನೆ. ಮೋಡವಿತ್ತು, ಊರಿಗೆ ಹೋಗಿದ್ದೆ, ಜ್ವರ ಬಂದಿತ್ತು, ಅಂತೂ ನೋಡಲಿಲ್ಲ ಎಂದರೆ ಗೀಟು. ಈ ಹವ್ಯಾಸಕ್ಕೆ ಬಂದವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಇದು. 2008ರಲ್ಲಿ ನಾನು ಇದನ್ನು ಗಾಳಿಗೆ ತೂರಿದೆ.

ಆಗ ನಮ್ಮ ಬಾಡಿಗೆ ಮನೆ ಹೈದರಾಬಾದಿನ ಕಾಚಿಗುಡದಲ್ಲಿ. ರಾಯಚೂರು ಕಡೆಯಿಂದ ನೌಕರಿಗೆ ಬಂದವನಿಗೆ ಆ ಬಡಾವಣೆ ಪರ ಊರು ಅನ್ನಿಸುವುದಿಲ್ಲ. ಕರ್ನಾಟಕ ಸಾಹಿತ್ಯ ಮಂದಿರ ಅಲ್ಲೇ ಇದೆ, ನೃಪತುಂಗ ಶಾಲೆಯೂ ಅಲ್ಲೇ. ಮಾಳಿಗೆಯ ಮೇಲೆ ನನ್ನದೊಂದು ಸಣ್ಣ ಟೆಲಿಸ್ಕೋಪು, ಅದರ ಹಿಂದೆ ರಟ್ಟಿಗೆ ಸಿಕ್ಕಿಸಿದ ಬಿಳಿ ಹಾಳೆ. ಸೂರ್ಯನತ್ತ ತಿರುಗಿಸಿದ ಕೊಳವೆಗೆ ಕಣ್ಣಿಟ್ಟರೆ ಕಣ್ಣೇ ಹೋಗುತ್ತದೆ, ಹಾಗಾಗಿ ಹಾಳೆಯ ಮೇಲೆ ಬೀಳುವ ಬಿಂಬವನ್ನಷ್ಟೇ ನೋಡಬೇಕು. ಅದೂ ಮಾಳಿಗೆಯ ಸಿಮೆಂಟು ಕಾಯುವುದರೊಳಗೆ. ಬಿಸಿಲೇರಿದರೆ ಗಾಳಿ ಕುದಿಯುತ್ತದೆ, ಬಿಂಬದ ಅಂಚು ನಡುಗುತ್ತದೆ, ಚಿಕ್ಕ ಕಲೆಗಳು ಆ ನಡುಕದಲ್ಲಿ ಮಾಯವಾಗುತ್ತವೆ. ಕಪ್ಪು ಚುಕ್ಕೆ ಕಂಡಿತೋ, ಕೊಳವೆಯನ್ನು ಮೆಲ್ಲಗೆ ತಟ್ಟಬೇಕು. ಬಿಂಬದ ಜೊತೆಗೇ ಸರಿದರೆ ಅದು ಕಲೆ. ಇದ್ದಲ್ಲೇ ಇದ್ದರೆ ಮಸೂರದ ಮೇಲಿನ ಧೂಳು. ಕಾಚಿಗುಡದಲ್ಲಿ ಧೂಳಿಗೇನು ಬರ!

ಎಣಿಕೆಯ ಲೆಕ್ಕ 1848ರಲ್ಲಿ ಸ್ವಿಟ್ಜರ್ಲೆಂಡಿನ ರುಡಾಲ್ಫ್ ವೋಲ್ಫ್ ಹಾಕಿಕೊಟ್ಟದ್ದು. ಕಲೆಗಳ ಗುಂಪುಗಳು ಎಷ್ಟಿವೆಯೋ ಅದನ್ನು ಹತ್ತರಿಂದ ಗುಣಿಸಿ, ಬಿಡಿ ಕಲೆಗಳನ್ನು ಕೂಡಿಸಬೇಕು. ಒಂಟಿ ಕಲೆಯೂ ಒಂದು ಗುಂಪೇ ಆದ್ದರಿಂದ ಅದಕ್ಕೆ 11. ಸೊನ್ನೆ ಬಿಟ್ಟರೆ ಮುಂದಿನ ಅಂಕಿಯೇ 11. ನಡುವೆ ಏನೂ ಇಲ್ಲ.

2008ರ ಜನವರಿ 4ರಂದು ಸೂರ್ಯನ ಉತ್ತರಾರ್ಧದ ಮೇಲುಭಾಗದಲ್ಲಿ ಕಾಂತಧ್ರುವಗಳು ಅದಲುಬದಲಾದ ಒಂದು ಕಲೆ ಕಾಣಿಸಿತು. ಕಲೆಗಳು ಹೆಚ್ಚಿ ತಗ್ಗುವ ಸೌರಚಕ್ರಗಳಲ್ಲಿ 24ನೆಯದರ ಮೊದಲ ಕುರುಹು. ಇನ್ನೇನು ಕಲೆಗಳು ಹೆಚ್ಚುತ್ತವೆ ಎಂದು ನಾವೆಲ್ಲ ತುದಿಗಾಲಲ್ಲಿ ನಿಂತೆವು. ಸೂರ್ಯ ಮಾತ್ರ ತೆಪ್ಪಗೆ ಕೂತ. ಆ ವರ್ಷದ 366 ದಿನಗಳಲ್ಲಿ 266 ದಿನ ಕಲೆಯೇ ಇಲ್ಲ. ಇದಕ್ಕಿಂತ ಬರಿದಾದ ವರ್ಷ ಬೇಕೆಂದರೆ 1913ಕ್ಕೆ ಹೋಗಬೇಕು. ಆಗ 311 ದಿನ. ನಮ್ಮ ಓಣಿಯಲ್ಲೇ ಇದ್ದ ಹಿರಿಯರೊಬ್ಬರು ಹ್ಯಾಮ್ ರೇಡಿಯೊದವರು. ಸೂರ್ಯ ಚುರುಕಾಗಿದ್ದಾಗ 28 ಮೆಗಾಹರ್ಟ್ಸ್‌ನಲ್ಲಿ ಸಮುದ್ರದಾಚೆಯ ದನಿಗಳು ಸಲೀಸಾಗಿ ಸಿಗುತ್ತವೆ. ಆ ವರ್ಷ ಅವರು ಎಲ್ಲಿ ಸಿಕ್ಕರೂ ಒಂದೇ ಗೋಳು: "ಬ್ಯಾಂಡ್ ಸತ್ತಂಗೈತ್ರೀ, ಬರೇ ಸುಂಯ್ ಅಂತದ."

ನನ್ನ ವಹಿಯಲ್ಲೂ ಸೊನ್ನೆಯ ಕೆಳಗೆ ಸೊನ್ನೆ. ಮೊದಮೊದಲು ಅದೇ ಒಂದು ಹುರುಪು. ಆಮೇಲೆ ಬೇಜಾರು. ಒಂದು ದಿನ ತಡವಾಗಿ ಎದ್ದೆ. ಸಂಜೆ ಕಂಪ್ಯೂಟರಿನಲ್ಲಿ ಸೋಹೊ ಉಪಗ್ರಹದ ಚಿತ್ರ ನೋಡಿದರೆ ಸೂರ್ಯ ಬೋಳು. ಸೊನ್ನೆ ಬರೆದೆ. ಇನ್ನೊಂದು ದಿನ ಮೋಡ. ಮತ್ತೆ ಚಿತ್ರ, ಮತ್ತೆ ಸೊನ್ನೆ. ಬರಬರುತ್ತಾ ಚಿತ್ರವನ್ನೂ ನೋಡದೆ ಭಾನುವಾರ ಕೂತು ವಾರದ ಸೊನ್ನೆಗಳನ್ನು ಒಮ್ಮೆಗೇ ತುಂಬತೊಡಗಿದೆ. ಸುಳ್ಳು ಬರೆಯುತ್ತಿದ್ದೇನೆ ಅನ್ನಿಸಲೇ ಇಲ್ಲ, ಯಾಕೆಂದರೆ ಉತ್ತರ ಸರಿಯಾಗಿಯೇ ಇರುತ್ತಿತ್ತು. ತಿಂಗಳ ಕೊನೆಗೆ ಆ ಪಟ್ಟಿಯನ್ನು ವೀಕ್ಷಕರ ಎಣಿಕೆ ಕೂಡಿಸುವವರಿಗೆ ಕಳಿಸುತ್ತಿದ್ದೆ.

ಆಗಸ್ಟ್ ಮುಗಿದಾಗ ಜಗತ್ತಿನಾದ್ಯಂತ ಸುದ್ದಿಯಾಯಿತು: ತಿಂಗಳಿಡೀ ಒಂದೂ ಕಲೆ ಇಲ್ಲ, 1913ರ ಜೂನ್ ನಂತರ ಇದೇ ಮೊದಲು. ಗೆಳೆಯರ ನಡುವೆ ನಾನೂ ಎದೆಯುಬ್ಬಿಸಿ ಹೇಳಿಕೊಂಡೆ, "ನನ್ನ ವಹಿಯಲ್ಲೂ ಮೂವತ್ತೊಂದು ಸೊನ್ನೆ." ಅಷ್ಟರಲ್ಲಿ, ಸೂರ್ಯಕಲೆಗಳ ಅಂತರರಾಷ್ಟ್ರೀಯ ಲೆಕ್ಕವಿಡುವ ಬ್ರಸೆಲ್ಸ್‌ನ ಕೇಂದ್ರ ಆಗಸ್ಟ್ ಸರಾಸರಿಯನ್ನು 0.5 ಎಂದು ಪ್ರಕಟಿಸಿತು. 21ರಂದು ಸಿಸಿಲಿಯ ಕತಾನಿಯಾ ವೀಕ್ಷಣಾಲಯದವರು ಒಂದು ಪುಟಾಣಿ ಕಲೆಯನ್ನು ಕಂಡು ದಾಖಲಿಸಿದ್ದರು. ಅಮೆರಿಕದ ನೋವಾ ಸಂಸ್ಥೆ ಅದಕ್ಕೆ ಸಂಖ್ಯೆ ಕೊಟ್ಟಿರಲಿಲ್ಲ. ಅದು ಕಲೆಯೋ, ಎಣಿಸಲು ಲಾಯಕ್ಕಿಲ್ಲದ ಚುಕ್ಕೆಯೋ ಎಂಬ ಜಗಳ ಶುರುವಾಯಿತು. ಇಂಥ ಜಗಳದಲ್ಲೇ ಅಲ್ಲವೇ ಮಾಳಿಗೆಯ ಮೇಲೆ ನಿಂತವನ ಮಾತಿಗೆ ಬೆಲೆ!

ಹ್ಯಾಮ್ ಹಿರಿಯರು ಮನೆಗೇ ಬಂದರು. "ಇಪ್ಪತ್ತೊಂದಕ್ಕ ನಿಮಗೇನು ಕಂಡಿತ್ರೀ?"

ವಹಿ ತೆಗೆದೆ. 21, ಸೊನ್ನೆ. ನನ್ನದೇ ಅಕ್ಷರ. ಆವತ್ತು ಮಾಳಿಗೆ ಹತ್ತಿದ್ದೆನೋ ಇಲ್ಲವೋ ನೆನಪಾಗಲೇ ಇಲ್ಲ. ನೋಡಿ ಬರೆದದ್ದೂ ನೋಡದೆ ಬರೆದದ್ದೂ ಪುಟದ ಮೇಲೆ ಒಂದೇ ಥರ ದುಂಡಗೆ ಕೂತಿದ್ದವು. ಅವರು ಪುಟದ ಮೇಲೆ ಬೆರಳಾಡಿಸಿ ಕೇಳಿದರು: "ತಿಂಗಳ ಪೂರ್ತಿ ಒಂದೂ ಗೀಟಿಲ್ಲಲ್ರೀ. ಶ್ರಾವಣದ ಮೋಡ ನಿಮ್ಮ ಮಾಳಿಗಿ ಒಂದನ್ನ ಬಿಟ್ಟು ಹೊಂಟಿತ್ತೇನು?"

ಉತ್ತರ ಕೊಡಲಾಗಲಿಲ್ಲ. ಆಮೇಲೆ ಹಳೆಯ ವೀಕ್ಷಕರ ಬಗ್ಗೆ ಓದುತ್ತಾ ಹೋದಂತೆ ನಾಚಿಕೆ ಹೆಚ್ಚಿತು. ಸೂರ್ಯಕಲೆಗಳ ಏರಿಳಿತವನ್ನು ಮೊದಲು ಕಂಡವನು ಜರ್ಮನಿಯ ದೆಸಾವ್ ಊರಿನ ಔಷಧಿ ವ್ಯಾಪಾರಿ ಹೈನ್ರಿಕ್ ಶ್ವಾಬೆ, ನಮ್ಮ ಹಾಗೆಯೇ ಹವ್ಯಾಸಿ. ಬುಧನಿಗಿಂತ ಒಳಗಿರಬಹುದಾದ ಗ್ರಹವೊಂದನ್ನು ಹುಡುಕಲು ಹೊರಟವನಿಗೆ ಗ್ರಹ ಸಿಗಲಿಲ್ಲ, ಸುಮಾರು ಹತ್ತು ವರ್ಷದ ಸೌರಚಕ್ರ ಸಿಕ್ಕಿತು. 1844ರಲ್ಲಿ ಆತ ಅಚ್ಚು ಹಾಕಿಸಿದ ಪಟ್ಟಿಯಲ್ಲಿ ಕಲೆಯಿಲ್ಲದ ದಿನಗಳಿಗೊಂದು ಕಾಲಂ, ವೀಕ್ಷಿಸಿದ ದಿನಗಳಿಗೆ ಇನ್ನೊಂದು. 1833ರಲ್ಲಿ ನೋಡಿದ್ದು 267 ದಿನ, ಅದರಲ್ಲಿ 139 ಬರಿದು. 1843ರಲ್ಲಿ ನೋಡಿದ್ದು 312, ಬರಿದು 149. ಮಿಕ್ಕ ದಿನಗಳ ಬಗ್ಗೆ ಶ್ವಾಬೆಯದು ಮೌನ. ಆ ಎರಡನೇ ಕಾಲಂ ಇಲ್ಲದಿದ್ದರೆ ಮೊದಲನೆಯದನ್ನು ಯಾರು ನಂಬಬೇಕು?

ವೋಲ್ಫನ ಲೆಕ್ಕದಲ್ಲಿ ಇನ್ನೊಂದು ಅಂಶವಿದೆ. ಪ್ರತಿಯೊಬ್ಬ ವೀಕ್ಷಕನಿಗೂ ಅವನ ಕಣ್ಣು, ಟೆಲಿಸ್ಕೋಪು ನೋಡಿ ಒಂದು ಗುಣಕ ಕೊಡುತ್ತಾರೆ. ಕಡಿಮೆ ಕಾಣುವವನ ಎಣಿಕೆಯನ್ನು ಅದು ಸರಿದೂಗಿಸುತ್ತದೆ. ಸೊನ್ನೆಯನ್ನು ಯಾವ ಗುಣಕದಿಂದ ಗುಣಿಸಿದರೇನು? ಸೊನ್ನೆಯೇ. ಅಂದರೆ ಕೂಡಿಸುವವರು ತಿದ್ದಲು ಸಾಧ್ಯವೇ ಇಲ್ಲದ ಅಂಕಿಯನ್ನೇ ಆರಿಸಿಕೊಂಡು ನಾನು ಅಡ್ಡಾದಿಡ್ಡಿ ಬರೆದಿದ್ದೆ.

ಇದು ನನ್ನೊಬ್ಬನ ಕಥೆಯಲ್ಲ ಎಂದು ತಿಳಿದದ್ದು ತಡವಾಗಿ. 1645ರಿಂದ 1715ರವರೆಗೆ ಕಲೆಗಳು ಬಹಳ ವಿರಳವಾಗಿದ್ದ ಮೌಂಡರ್ ಕನಿಷ್ಠದ ದಾಖಲೆಗಳನ್ನು 1998ರಲ್ಲಿ ಸಂಶೋಧಕರಾದ ಹೋಯ್ಟ್ ಮತ್ತು ಶಾಟೆನ್ ಒಟ್ಟುಗೂಡಿಸಿದಾಗ, 'ಇಷ್ಟು ವರ್ಷ ಕಲೆ ಕಾಣಲಿಲ್ಲ' ಎಂಬಂಥ ಹಳೆಯ ಒಂದು ಸಾಲು ದಿನದಿನದ ಸೊನ್ನೆಗಳಾಗಿ ಪಟ್ಟಿಯಲ್ಲಿ ಹರಡಿಕೊಂಡಿತ್ತು. ವಾಕೆರೋ ಮತ್ತು ಸಂಗಡಿಗರು 2016ರಲ್ಲಿ ಅಂಥವನ್ನು ಕಿತ್ತುಹಾಕಿದರು. ಸೂರ್ಯ ಆಗ ನಿಜಕ್ಕೂ ಸುಮ್ಮನಿದ್ದ, ಅದೇನೂ ಬದಲಾಗಲಿಲ್ಲ. ಎಷ್ಟು ಸುಮ್ಮನಿದ್ದ ಎಂಬುದು ಮಾತ್ರ ಆ ಸೊನ್ನೆಗಳಿಂದ ಮಸುಕಾಗಿತ್ತು. ಫೋಟೊ ಫಲಕಕ್ಕೆ ನೋಡದೆ ಸೊನ್ನೆ ಬರೆಯುವ ಚಾಳಿ ಇಲ್ಲ. ಕೊಡೈಕೆನಾಲಿನ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರ ತೆಗೆಯುತ್ತಾ ಬಂದಿದ್ದಾರೆ. ಬೆಟ್ಟಕ್ಕೆ ಮಂಜು ಕವಿದ ದಿನ ಅಲ್ಲಿ ಫಲಕವೇ ಇರುತ್ತಿರಲಿಲ್ಲ.

ಕೊನೆಗೆ ಎಣಿಕೆ ಕೂಡಿಸುವವರಿಗೆ ಪತ್ರ ಬರೆದೆ. ಯಾವುವು ಸುಳ್ಳು ಸೊನ್ನೆ ಎಂದು ಕೇಳಿದರೆ ಹೇಳಲು ನನಗೇ ಗೊತ್ತಿರಲಿಲ್ಲ, ಹಾಗಾಗಿ ಇಡೀ ವರ್ಷದ್ದನ್ನು ಕೈಬಿಡಿ ಎಂದೆ. ಚಳಿಯಲ್ಲಿ ಎದ್ದು ನಿಜವಾಗಿ ನೋಡಿದ ಬೆಳಗುಗಳೂ ಅದರಲ್ಲಿ ಹೋದವು. ಹೊಟ್ಟೆಗೆ ಸಂಕಟವಾದದ್ದು ಅದಕ್ಕೇ.

24ನೇ ಚಕ್ರ 2014ರ ಏಪ್ರಿಲ್‌ನಲ್ಲಿ ಶಿಖರ ಮುಟ್ಟಿತು, ನೂರು ವರ್ಷಗಳಲ್ಲೇ ಅತಿ ದುರ್ಬಲ ಶಿಖರ. 2019ರಲ್ಲಿ ಸೂರ್ಯ ಮತ್ತೆ ಬರಿದಾದ. ನವೆಂಬರ್ ನಡುವಿನಿಂದ ಡಿಸೆಂಬರ್ ಕೊನೆಯ ವಾರದ ತನಕ ಒಂದೇ ಸಮನೆ 40 ದಿನ ಕಲೆಯಿಲ್ಲ. ಈಗಿನ ವಹಿಯಲ್ಲಿ ಸಮಯಕ್ಕೊಂದು ಕಾಲಂ, ಆಕಾಶಕ್ಕೊಂದು. ಹಿರಿಯರು ಈಗಲೂ ಆಗಾಗ ಬಂದು ಲೆಕ್ಕಪರಿಶೋಧಕರ ಹಾಗೆ ಅದನ್ನು ತಿರುವಿಹಾಕುತ್ತಾರೆ. ಆ ಡಿಸೆಂಬರಿನ ಒಂದು ಗೀಟಿನ ಮೇಲೆ ಬೆರಳಿಟ್ಟು, "ಅವತ್ತು ಮುಗಿಲು ಚೊಕ್ಕ ಇತ್ತಲ್ರೀ, ಇದ್ಯಾಕ?" ಎಂದರು.

"ಎಚ್ಚರ ಆಗ್ಲಿಲ್ರೀ," ಎಂದೆ.

"ಹಂಗಂತ ಬರೀರಿ ಮತ್ತ," ಎಂದು ಪೆನ್ನು ಕೊಟ್ಟರು.