ಹಿಂಬಾಗಿಲ ಬೀಗದ ಕೈ

ಪರವೂರಿಗೆ ಹೋಗಿ ಯಾವ ಲಾಡ್ಜಿನಲ್ಲಿ ಇಳಿದುಕೊಂಡರೂ ನನಗೊಂದು ಚಟ. ಹಾಸಿಗೆ ಶುಭ್ರವಾಗಿದೆಯೇ, ನಲ್ಲಿಯಲ್ಲಿ ಬಿಸಿನೀರು ಬರುತ್ತದೆಯೇ ಎಂದು ನೋಡುವುದು ಆಮೇಲೆ. ಬ್ಯಾಗು ಕೆಳಗಿಟ್ಟವಳೇ ಹೊರಗೆ ಹೋಗಿ, ನಮ್ಮ ಕೋಣೆಯಿಂದ ಹಿಂದಿನ ಮೆಟ್ಟಿಲಿಗೆ ಎಷ್ಟು ಬಾಗಿಲು ಎಂದು ಎಣಿಸುತ್ತೇನೆ. ಮೆಟ್ಟಿಲ ಬಾಗಿಲನ್ನು ಒಮ್ಮೆ ತಳ್ಳಿ ನೋಡುತ್ತೇನೆ. "ಶುರುವಾಯಿತು ನಿನ್ನ ಇನ್‌ಸ್ಪೆಕ್ಷನ್ನು! ಇದೇನು ನಿಮ್ಮ ಶಾಲೆಯೇ?" ಎಂದು ನಮ್ಮವರು ರೇಗುತ್ತಾರೆ. ರೇಗಲಿ ಬಿಡಿ. ಈ ಚಟ ನನಗೆ ಅಂಟಿಕೊಂಡ ರಾತ್ರಿ ಅವರು ಜೊತೆಯಲ್ಲಿರಲಿಲ್ಲ.

2006ರ ಡಿಸೆಂಬರ್. ಎಂಟನೇ ತರಗತಿಯ 42 ಹೆಣ್ಣುಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ನಾನು, ಇನ್ನೊಬ್ಬ ಟೀಚರು, ಪಿ.ಟಿ. ಮೇಷ್ಟ್ರು. ಊರಿನ ಹೆಸರು ಬೇಡ. ಲಾಡ್ಜಿನ ಮೂರನೇ ಮಹಡಿಯಲ್ಲಿ ನಮ್ಮ ಕೋಣೆಗಳು. ರಾತ್ರಿ ಎರಡರ ಸುಮಾರಿಗೆ ಸುಟ್ಟ ವಯರಿನ ವಾಸನೆಗೆ ಎಚ್ಚರವಾಯಿತು. ಕರೆಂಟಿಲ್ಲ. ಕೆಳಗೆ ಮುಂದಿನ ಮೆಟ್ಟಿಲ ಪಕ್ಕದ ಮೀಟರ್ ಬೋರ್ಡು ಹೊತ್ತಿಕೊಂಡಿತ್ತು. ಹೊಗೆಯೆಲ್ಲ ಮೆಟ್ಟಿಲನ್ನೇ ಹಿಡಿದು ಮೇಲಕ್ಕೇರುತ್ತಿತ್ತು.

ಮಕ್ಕಳನ್ನು ಎಬ್ಬಿಸಿಕೊಂಡು ಹಿಂದಿನ ಮೆಟ್ಟಿಲಿಗೆ ಓಡಿದೆವು. ಕಬ್ಬಿಣದ ಗ್ರಿಲ್ಲಿಗೆ ದಪ್ಪನೆಯ ಬೀಗ! ಬಿಲ್ಲು ಕೊಡದೆ ಗಿರಾಕಿಗಳು ಜಾರಿಕೊಳ್ಳುತ್ತಾರೆಂದು ಹಾಕಿದ್ದಂತೆ. ಬೀಗದ ಕೈ ಎಲ್ಲಿದೆಯೆಂದು ರೂಂ ಬಾಯ್‌ಗೆ ಗೊತ್ತಿಲ್ಲ. ಮ್ಯಾನೇಜರು ಮನೆಗೆ ಹೋಗಿದ್ದರು. ಗೋಡೆಯ ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರು ಇತ್ತು. ಅದಕ್ಕೆ ಆಯುಧಪೂಜೆಯ ಕುಂಕುಮವನ್ನೂ ಹಚ್ಚಿದ್ದರು. ಆದರೆ ಮೊದಲು ಅದರ ಪಿನ್ನು ಎಳೆಯಬೇಕೆಂಬುದು ಆ ಹುಡುಗನಿಗಿರಲಿ, ಬಿ.ಎಡ್. ಮಾಡಿದ ನನಗೂ ತಿಳಿದಿರಲಿಲ್ಲ.

ಅಷ್ಟರಲ್ಲಿ ಕಸ ಗುಡಿಸುವ ಅಜ್ಜಿ ಎದ್ದು ಬಂದರು. ಹಳೆಯ ಕ್ಯಾಲೆಂಡರಿನ ಹಿಂದಿದ್ದ ಮೊಳೆಯಿಂದ ಬೀಗದ ಕೈ ತಂದು ಗ್ರಿಲ್ಲು ತೆಗೆದರು. "ದಿನಾ ಕಸ ಈ ದಾರೀಲೇ ಅಲ್ವೇನವ್ವ ಇಳಿಸೋದು" ಎಂದರು.

ಕೆಳಗೆ ಬಂದು ಎಣಿಸಿದರೆ 41! ಮತ್ತೆ ಎಣಿಸಿದೆ. 41. ಯಾರಿಲ್ಲ? ಯಾವ ಕೋಣೆಯಲ್ಲಿ ಯಾರೆಂಬ ಪಟ್ಟಿಯನ್ನು ಬರೆದವಳು ನಾನೇ. ಅದು ಮೂರನೇ ಮಹಡಿಯಲ್ಲಿ, ನನ್ನ ಬ್ಯಾಗಿನೊಳಗಿತ್ತು. ದಿನಕ್ಕೆರಡು ಸಲ ಹಾಜರಿ ಕೂಗುವ ನನ್ನ ಬಾಯಲ್ಲಿ ಆಗ ಒಂದು ಹೆಸರೂ ಹೊರಡಲಿಲ್ಲ. ಪಿ.ಟಿ. ಮೇಷ್ಟ್ರು ಮತ್ತೆ ಮೇಲೆ ಹತ್ತಿ ಹೋಗಿ, ಹೆದರಿ ಬಚ್ಚಲಿನ ಚಿಲಕ ಹಾಕಿಕೊಂಡು ಕುಳಿತಿದ್ದ ಮಗುವನ್ನು ಎತ್ತಿಕೊಂಡು ಬಂದರು. ಆ ಹತ್ತು ನಿಮಿಷ ನನ್ನ ಪಾಲಿಗೆ ಇನ್ನೂ ಮುಗಿದಿಲ್ಲ.

ಬೆಳಿಗ್ಗೆ ಮ್ಯಾನೇಜರು "ಏನೂ ಆಗಲಿಲ್ಲವಲ್ಲ ಮೇಡಂ" ಎಂದರು. ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ಅವರ ಕೈಯಲ್ಲಿ ಬೀಗದ ಕೈ ಇರಲಿಲ್ಲ. ನನ್ನ ಕೈಯಲ್ಲಿ ಪಟ್ಟಿ ಇರಲಿಲ್ಲ.

2019ರ ಫೆಬ್ರವರಿ 12ರಂದು ದೆಹಲಿಯ ಕರೋಲ್ ಬಾಗಿನ ಹೋಟೆಲೊಂದಕ್ಕೆ ನಸುಕಿನಲ್ಲಿ ಬೆಂಕಿ ಬಿದ್ದು 17 ಜನ ಸತ್ತರು. ಮದುವೆಗೆಂದು ಕೇರಳದಿಂದ ಬಂದವರೂ ಅವರಲ್ಲಿದ್ದರು. ತುರ್ತು ಬಾಗಿಲಿಗೆ ಬೀಗವಿತ್ತೆಂದು ಪತ್ರಿಕೆಯಲ್ಲಿ ಓದಿದಾಗ ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಹೊರಹೋಗುವ ಬಾಗಿಲು ಒಳಗಿನಿಂದ ಬೀಗದ ಕೈಯಿಲ್ಲದೆ ತೆರೆಯುವಂತಿರಬೇಕೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಸಂಹಿತೆ ಪುಸ್ತಕದಲ್ಲಿರುತ್ತದೆ, ಬೀಗ ಬಾಗಿಲಲ್ಲಿರುತ್ತದೆ. ಹೋಟೆಲಿನವರಿಗೆ ಬೆಂಕಿಗಿಂತ ಬಿಲ್ಲಿನ ಭಯವೇ ಹೆಚ್ಚು.

ಗೋಡೆಗೆ ಸಿಲಿಂಡರು ತೂಗುಹಾಕಿದ ಮಾತ್ರಕ್ಕೆ ಸಿದ್ಧತೆಯಾಗುವುದಿಲ್ಲ. ರಾತ್ರಿ ಪಾಳಿಯ ಹುಡುಗನಿಗೂ ಅದನ್ನು ಹಿಡಿಯಲು ಕಲಿಸಿರಬೇಕು. ಪಿನ್ನೆಳೆದು ಉರಿಯ ಬುಡಕ್ಕೆ ಗುರಿಯಿಡುವುದು ಅವನಿಗೆ ಅಭ್ಯಾಸವಾಗಿರಬೇಕು. ನಾವೂ ಅಷ್ಟೆ. ಬೆಂಕಿಯ ಹೊತ್ತಿನಲ್ಲಿ ಲಿಫ್ಟು ಹತ್ತಬಾರದು. ಹೊಗೆ ಮೇಲೇರುವುದರಿಂದ ಬಗ್ಗಿ ನಡೆಯಬೇಕು. ಹೊರಗೆ ಹೊಗೆ ತುಂಬಿ ಹೋಗಲು ದಾರಿಯೇ ಇಲ್ಲದಿದ್ದರೆ ಬಾಗಿಲು ಮುಚ್ಚಿ, ಅಡಿಯ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಿಂದ ಕೂಗಬೇಕು. ಮಕ್ಕಳ ಪಟ್ಟಿ? ಈಗ ಅದು ಯಾವಾಗಲೂ ನನ್ನ ಸೊಂಟದ ಪರ್ಸಿನಲ್ಲಿರುತ್ತದೆ.

ಮೊನ್ನೆ ಮದುವೆಯೊಂದಕ್ಕೆ ಹೋಗಿ ಲಾಡ್ಜಿನಲ್ಲಿ ಇಳಿದಿದ್ದೆವು. ಮಂಡಿನೋವಿಗೆ ನಾನು ಉಸ್ಸೆಂದು ಮಂಚದ ಮೇಲೆ ಕುಳಿತೆ. ಹೊರಗೆ ಹೋಗಿದ್ದ ನಮ್ಮವರು ಸ್ವಲ್ಪ ಹೊತ್ತಿಗೆ ಮರಳಿ ಬಂದು ಹೇಳಿದರು: "ಎಡಕ್ಕೆ ಐದನೇ ಬಾಗಿಲು. ಬೀಗವಿಲ್ಲ. ತಳ್ಳಿ ನೋಡಿದೆ. ಇನ್ನಾದರೂ ಕಾಫಿಗೆ ಹೋಗೋಣವೇ?"