‘ಆಗಲಿ’

ನನ್ನ ಬಾಯಿಂದ ಅತಿ ಸುಲಭವಾಗಿ ಹೊರಡುವ ಮಾತೆಂದರೆ ‘ಆಗಲಿ’. ಟಿಪ್ಪಣಿ ಪುಸ್ತಕ ಕೇಳಿದವರಿಗೂ ಆಗಲಿ, ಕೊಡೆ ಕೇಳಿದವರಿಗೂ ಆಗಲಿ. ಒಮ್ಮೆ ಮಳೆಯಲ್ಲಿ ತೊಯ್ದುಕೊಂಡು ಬರುತ್ತಿರುವಾಗ ನನ್ನದೇ ಕೊಡೆ ಎದುರಿಗೆ ಬಂದಿತು. ಅದನ್ನು ಹಿಡಿದವನು ನನ್ನನ್ನು ಕಂಡು ನಾಚಿಯಾನೆಂದು ನಾನೇ ಮರದ ಮರೆಗೆ ಸರಿದೆ. ಅಮ್ಮ ಇದನ್ನು ಒಳ್ಳೆಯತನವೆನ್ನುತ್ತಾಳೆ. ತಾಯಂದಿರ ಸಾಕ್ಷ್ಯ ಯಾವ ನ್ಯಾಯಾಲಯದಲ್ಲೂ ನಿಲ್ಲದು.

ಹೋದ ವರ್ಷದ ಮಳೆಗಾಲದಲ್ಲಿ ಹಾಸ್ಟೆಲಿನ ಗೆಳೆಯರು ಜೋಗಕ್ಕೆ ಹೊರಟರು. ಎಂಟು ಮಂದಿ ಕುಳಿತಿದ್ದೆವು. ಒಬ್ಬೊಬ್ಬರೇ ಒಪ್ಪುತ್ತ ಬಂದು ಸರದಿ ನನಗೆ ಮುಟ್ಟಿತು. ನನ್ನ ಪೆಟ್ಟಿಗೆಯಲ್ಲಿದ್ದುದು ಅಪ್ಪ ಕಡಲೆಕಾಯಿ ಮಾರಿ ಕೊಟ್ಟ ಪರೀಕ್ಷಾ ಶುಲ್ಕ. ‘ಆಗಲಿ’ ಎಂದೆ. 253 ಮೀಟರಿನ ಎತ್ತರದಿಂದ ಶರಾವತಿ ಧುಮುಕುತ್ತಿದ್ದಳು. ಎಲ್ಲರೂ ನೀರನ್ನು ನೋಡಿದರು. ಬೀಳುತ್ತಿರುವುದು ಕಡಲೆಕಾಯಿಯೆಂದೇ ನನಗೆ ತೋರಿತು.

ಅಪ್ಪ ಸಾಲ ಮಾಡಿ ಮತ್ತೆ ಹಣ ಕಳುಹಿಸಿದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಏಳು ಮುಖಗಳು ಸಪ್ಪಗಾಗದಿರಲೆಂದು ಹೆದರಿದವನು, ಅಲ್ಲಿಲ್ಲದ ಒಂದು ಮುಖವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಈಚೆಗೆ ಓದಿದೆ. ಗೆರೆಗಳ ಉದ್ದವನ್ನು ಹೋಲಿಸುವ ಸುಲಭವಾದ ಕೆಲಸ. ಮೊದಲೇ ಹೇಳಿಕೊಟ್ಟಿದ್ದವರೆಲ್ಲ ಒಂದೇ ತಪ್ಪು ಉತ್ತರ ಕೊಟ್ಟಾಗ, ಏನೂ ಅರಿಯದೆ ಬಂದವರ ಉತ್ತರಗಳಲ್ಲಿ ಮೂರರಲ್ಲೊಂದರಷ್ಟು ಅದೇ ತಪ್ಪಿಗೆ ಒಲಿದವು. ಗುಂಪಿನಲ್ಲಿ ಮತ್ತೊಬ್ಬ ಸರಿಯಾದುದನ್ನು ಹೇಳಿದನೆಂದರೆ ಈ ಒಲಿಯುವಿಕೆ ಬಹಳಷ್ಟು ಇಳಿದುಹೋಗುತ್ತಿತ್ತು. ಕಣ್ಣೆದುರಿನ ಗೆರೆಯ ಪಾಡೇ ಹೀಗಾದರೆ ಪೆಟ್ಟಿಗೆಯೊಳಗಿನ ಹಣದ ಪಾಡೇನು!

ಈ ವರ್ಷ ಹಂಪಿಯ ಮಾತೆದ್ದಿತು. ಸರದಿ ಬಂತು. ಗಂಟಲಾರಿತು.

“ನನ್ನ ಹತ್ತಿರ ದುಡ್ಡಿಲ್ಲ. ಬರೋಕಾಗೋಲ್ಲ.”

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಮೂಲೆಯಿಂದ ಮೆಲ್ಲಗೆ ಒಂದು ದನಿ: “ನಂಗೂ ಆಗೋಲ್ಲ ಕಣ್ರೋ. ಜೋಗಕ್ಕೆ ಬಂದಾಗಲೂ ಆಗ್ತಿರಲಿಲ್ಲ.”

“ಆಗಲೇ ಬಾಯಿ ಬಿಡೋದಲ್ವೇನ್ರೋ!” ಎಂದು ಹೊರಡಿಸುವವನು ಗದರಿ, ಪಟ್ಟಿಯಿಂದ ನಮ್ಮಿಬ್ಬರ ಹೆಸರನ್ನೂ ಹೊಡೆದುಹಾಕಿದ, ರಾತ್ರಿ ಊಟಕ್ಕೆ ಎಂದಿನಂತೆ ನನ್ನ ಪಕ್ಕದಲ್ಲೇ ಕುಳಿತ.

ಊಟ ಮುಗಿಯುವ ವೇಳೆಗೆ ಮಳೆ ಹಿಡಿಯಿತು. “ನಿನ್ನ ಕೊಡೆ ಕೊಡ್ತೀಯೇನೋ?” ಎಂದ.

‘ಆಗಲಿ’ ಎಂದೆ.