ಝರಿಯ ಮಗ್ಗುಲ ಗುಡಾರ

ಕೊಡಗಳನ್ನೆಣಿಸಿ ನೀರು ತುಂಬಿಡುವ ಆದವಾನಿಯಲ್ಲಿ ಹುಟ್ಟಿ ಬೆಳೆದವನಿಗೆ, ಅಲ್ಲಿಯ ಬಾರಾಕಿಲ್ಲಾ ಬೆಟ್ಟದ ಬೋಳು ಬಂಡೆಗಳು ಹಗಲೆಲ್ಲ ಹೀರಿದ ಬಿಸಿಲನ್ನು ನಡುರಾತ್ರಿಯವರೆಗೂ ಉಗುಳುವುದನ್ನು ಬಲ್ಲವನಿಗೆ, ಹರಿಯುವ ನೀರಿನ ನಾದವನ್ನು ಆಲಿಸುತ್ತ ನಿದ್ರೆಹೋಗುವುದಕ್ಕಿಂತ ಮಿಗಿಲಾದ ಐಶ್ವರ್ಯವು ಬೇರೊಂದಿಲ್ಲ. ಆದುದರಿಂದಲೇ ಭಾದ್ರಪದವು ಕಾಲಿಟ್ಟೊಡನೆ ನನ್ನ ಮನಸ್ಸು ಸಂಡೂರಿನ ಗಿರಿಶ್ರೇಣಿಯತ್ತ ತಿರುಗುತ್ತದೆ. 1949ರಲ್ಲಿ ಸಂಡೂರು ಸಂಸ್ಥಾನವು ವಿಲೀನಗೊಂಡಂದಿನಿಂದ, 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರುವವರೆಗೆ, ನಮ್ಮ ಊರೂ ಆ ಗಿರಿಗಳೂ ಬಳ್ಳಾರಿಯೆಂಬ ಒಂದೇ ಜಿಲ್ಲೆಯಲ್ಲಿದ್ದವು. ಈಗ ನಡುವೆ ಗಡಿಯಿದೆ. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ತೋರಣಗಲ್ಲಿನಲ್ಲಿ ಇಳಿಯುವವನಿಗೆ ಅದು ಕಾಣಿಸುವುದಿಲ್ಲ.

ನನ್ನ ಗುಡಾರವು ದಪ್ಪ ಹತ್ತಿಬಟ್ಟೆಯದು. ಹತ್ತಿಯ ಸಂತೆಯಲ್ಲೇ ಬೆಳೆದ ನನಗೆ ಅದರ ಗುಣದಲ್ಲಿ ವಿಶೇಷ ಅಭಿಮಾನವುಂಟು. ಮಳೆಗೆ ನೆನೆದೊಡನೆ ನೂಲುಬ್ಬಿ ಎಳೆಗಳ ಸಂದುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಆದರೆ ಒಳಗಿನಿಂದ ಬೆರಳು ತಾಗಿಸಿದರೆ ಆ ಎಡೆಯಲ್ಲೇ ತೊಟ್ಟಿಕ್ಕತೊಡಗುತ್ತದೆ. ಹಗ್ಗವೂ ನೆನೆದರೆ ಬಿಗಿಯುವುದರಿಂದ ಮಲಗುವ ಮುನ್ನ ಕೊಂಚ ಸಡಿಲಿಸಬೇಕು. ಸ್ಥಳವನ್ನಾಯುವುದು ಇದಕ್ಕಿಂತ ದೊಡ್ಡ ವಿದ್ಯೆ: ಹಿಂದಿನ ಪ್ರವಾಹವು ಪೊದೆಗಳಿಗೆ ಸಿಕ್ಕಿಸಿಹೋದ ಒಣಹುಲ್ಲು ಎಷ್ಟು ಎತ್ತರದಲ್ಲಿದೆಯೋ ಅದಕ್ಕಿಂತ ಮೇಲೆಯೇ ಗೂಟ ಹೊಡೆಯಬೇಕು. ಕರಡಿಗಳ ಸೀಮೆಯಾದುದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಹೊಗಬಾರದು. ಬುತ್ತಿಯನ್ನು ಗುಡಾರದೊಳಗೆ ಇಡಬಾರದು.

ಮೂರು ಕಲ್ಲಿನ ಒಲೆಯಲ್ಲಿ ಬೆಚ್ಚಗಾದ ಜೋಳದ ರೊಟ್ಟಿಯನ್ನು ಗುರೆಳ್ಳು ಪುಡಿಯೊಡನೆ ಉಂಡು, ಕಂಬಳಿಯ ಮೇಲೆ ಮೈಚಾಚಿದ ಬಳಿಕವೇ ನಾನು ಬಂದ ಕಾರ್ಯವು ಆರಂಭವಾಗುವುದು. ಮೊದಮೊದಲು ಒಂದೇ ಅಖಂಡ ಘೋಷವೆಂದು ತೋರುವ ಝರಿಯ ಧ್ವನಿಯು, ಉರಿಯು ಕೆಂಡವಾಗಿ ಕೆಂಡವು ಬೂದಿಯಾಗುವಷ್ಟರಲ್ಲಿ, ಬಂಡೆಯಿಂದ ಧುಮುಕುವ ನೀರಿನದೇ ಒಂದು, ಬೇರುಗಳಡಿ ನುಸುಳುವ ನೀರಿನದೇ ಒಂದು, ಮಡುವಿನ ಅಂಚಿನಲ್ಲಿ ಉರುಳಾಡುವ ಹರಳುಗಳದೇ ಒಂದು ಎಂಬಂತೆ ಬೇರೆಬೇರೆಯಾಗಿ ಕಿವಿಗೆ ಪರಿಚಯವಾಗುತ್ತದೆ. ಗೋಡೆಯ ಮನೆಯಲ್ಲಿ ಈ ಸಾಮೀಪ್ಯವು ದೊರೆಯದು. ಬಟ್ಟೆಯೊಂದೇ ಅಡ್ಡವಾಗಿರುವಲ್ಲಿ ಕಾಡಿನ ಉಸಿರಿಗೂ ನಮ್ಮ ಉಸಿರಿಗೂ ಅಂತರವೇ ಉಳಿಯದು. ನಡುರಾತ್ರಿ ಮೇಲಣ ಶಿಖರದಲ್ಲಿ ಮಳೆ ಬಿದ್ದರೆ ಝರಿಯ ಕಂಠವು ಗಡುಸಾಗುವುದು, ನಿದ್ರೆಯಲ್ಲಿಯೂ ನಾನದನ್ನು ಅರಿತು ಎದ್ದು ಕೂರುವೆನು. ಬೆಳಗಾದಾಗ ನೀರು ಆ ಬೆಟ್ಟಗಳ ಕಬ್ಬಿಣದ ಮಣ್ಣನ್ನು ಕಲಸಿಕೊಂಡು ಕೆಂಪಾಗಿರುತ್ತದೆ.

ಹೋಗುವವರು ಆಶ್ವಯುಜ ಕಳೆಯುವ ಮುನ್ನ ಹೋಗಿರಿ, ಬೂದಿಯನ್ನು ಮುಚ್ಚಿ, ಒಲೆಗಲ್ಲುಗಳನ್ನು ಎತ್ತಿದಲ್ಲಿಯೇ ಇಟ್ಟು ಬನ್ನಿರಿ. ಫಾಲ್ಗುಣದ ಹೊತ್ತಿಗೆ ನನ್ನ ಝರಿಯ ಜಾಗದಲ್ಲಿ ಒಣಗಿದ ಕೆಂಪು ಹರಳುಗಳಷ್ಟೇ ಇರುತ್ತವೆ.